ವೃದ್ಧಾಶ್ರಮದ ಡ್ಯೂಟಿ: ನಾನು ಬಿಡದೆ ಪಾಲಿಸುವ ಕೆಲವು ವಿಷಯ

ಉಡುಪಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನಾನು ಸ್ಟಾಫ್ ನರ್ಸ್. ನಮ್ಮಲ್ಲಿರುವ ಹೆಚ್ಚಿನವರ ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ. ಊರಿಗೆ ಬಂದಾಗ ಹೇಳುವುದು ಒಂದೇ ಮಾತು: "ಸಿಸ್ಟರ್, ನೀವು ಸ್ವಂತ ಮಗಳ ಹಾಗೆ ನೋಡ್ಕೊಳ್ತೀರಿ." ಕೇಳಿ ಖುಷಿಯಾಗುತ್ತದೆ. ಆದರೆ ಮಗಳಿಗೆ ಚಾರ್ಟು ಬರೆಯುವ ಕೆಲಸ ಇಲ್ಲ, ನನಗಿದೆ.

ಇಲ್ಲಿ ಆಸ್ಪತ್ರೆಯ ಹಾಗೆ ದಿನಾ ಡಾಕ್ಟರ್ ರೌಂಡ್ಸ್ ಇರುವುದಿಲ್ಲ. ಏನಾದರೂ ಬದಲಾದರೆ ಮೊದಲು ನಮ್ಮ ಕಣ್ಣಿಗೇ ಬೀಳಬೇಕು. ದಿನಾ ಪೇಪರ್ ಓದಿ ಎಲ್ಲರಿಗೂ ಸುದ್ದಿ ಹೇಳುವ ಅಜ್ಜ ಒಬ್ಬರಿದ್ದರು. ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಏನೇನೋ ಬಡಬಡಿಸಲು ಶುರು ಮಾಡಿದರು. ತೋಟಕ್ಕೆ ನೀರು ಬಿಡಬೇಕು ಎಂದು ಮಂಚದಿಂದ ಇಳಿಯಲು ನೋಡಿದರು. "ಪ್ರಾಯ ಆಯ್ತಲ್ಲ ಸಿಸ್ಟರ್, ಅರಳುಮರಳು. ಒಂದು ನಿದ್ದೆ ಮಾತ್ರೆ ಕೊಡಿ" ಅಂದರು ಆಯಾ. ಕೊಡಲಿಲ್ಲ. ಡಾಕ್ಟರ್ ಬರೆಯದ ಮಾತ್ರೆ ಕೊಡುವ ಹಾಗಿಲ್ಲ. ಕೈ ಕಟ್ಟಿ ಮಲಗಿಸುವುದಂತೂ ಬೇಡವೇ ಬೇಡ.

ಮರೆವಿನ ಕಾಯಿಲೆ ಸಾಮಾನ್ಯವಾಗಿ ನಿಧಾನಕ್ಕೆ ಬರುವಂಥದ್ದು. ಒಂದೆರಡು ದಿನದಲ್ಲೇ ಮನುಷ್ಯ ಹೀಗಾದರೆ ಬೇರೆ ಕಾರಣ ಹುಡುಕಬೇಕು. ಸೋಂಕು ಇರಬಹುದು, ಮೈಗೆ ನೀರು ಸಾಲದಿರಬಹುದು, ಹೊಟ್ಟೆ ಕಟ್ಟಿರಬಹುದು, ಹೊಸ ಮಾತ್ರೆ ಆಗದೆ ಇರಬಹುದು. ಶುಗರ್ ನೋಡಿದೆ, ಸರಿ ಇತ್ತು. ಜ್ವರ ಇರಲಿಲ್ಲ. ಆದರೆ ಪ್ರಾಯ ಆದವರಿಗೆ ಸೋಂಕಿದ್ದರೂ ಜ್ವರ ಬರಲೇಬೇಕೆಂದಿಲ್ಲ. ಚಾರ್ಟು ತೆಗೆದರೆ ಎರಡು ದಿನದಿಂದ ಗಂಜಿ ಅರ್ಧಕ್ಕೇ ಬಿಟ್ಟಿದ್ದಾರೆ, ನೀರು ಕಡಿಮೆ, ಮೂತ್ರವೂ ಕಡಿಮೆ. ಡಾಕ್ಟರಿಗೆ ಫೋನ್ ಮಾಡಿ ಅಷ್ಟನ್ನೂ ಓದಿ ಹೇಳಿದೆ. ಪರೀಕ್ಷೆ ಮಾಡಿಸಿದಾಗ ಮೂತ್ರದಲ್ಲಿ ಸೋಂಕು. ಔಷಧಿ ಶುರುವಾಗಿ ಕೆಲವು ದಿನಕ್ಕೆ ಅಜ್ಜ ಮತ್ತೆ ಪೇಪರ್ ಹಿಡಿದರು. ಹಿಂದಿನ ಶಿಫ್ಟಿನವರು "ಆರಾಮಾಗಿದ್ದಾರೆ" ಎಂದು ಸುಮ್ನೆ ಗೀಚಿ ಹೋಗಿದ್ದರೆ ನನಗೆ ಏನು ಗೊತ್ತಾಗುತ್ತಿತ್ತು?

ಸ್ನಾನ ಮಾಡಿಸುವಾಗ, ಡೈಪರ್ ಬದಲಿಸುವಾಗ ಪರದೆ ಎಳೆದೇ ಎಳೆಯುತ್ತೇನೆ. ಏನು ಮಾಡುತ್ತೇನೆಂದು ಮೊದಲೇ ಹೇಳುತ್ತೇನೆ. ತುಳುವಿನವರಿಗೆ ತುಳುವಿನಲ್ಲಿ, ಕೊಂಕಣಿಯವರಿಗೆ ನನ್ನ ಹರಕು ಕೊಂಕಣಿಯಲ್ಲಿ (ಅವರಿಗೆ ಅದೇ ದೊಡ್ಡ ತಮಾಷೆ). ಬೇಡ ಅಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೇನೆ. ಒಂದೇ ಕಡೆ ಮಲಗಿ ಮೈ ಹುಣ್ಣಾಗಬಾರದೆಂದು ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ನಮ್ಮ ಮಳೆಗಾಲದಲ್ಲಿ ಬಟ್ಟೆ ಸರಿಯಾಗಿ ಒಣಗುವುದಿಲ್ಲ, ಅಲ್ವಾ? ಆಗ ಸೊಂಟದ ಹಿಂಭಾಗ, ಹಿಮ್ಮಡಿ ಕೆಂಪಾಗಿದೆಯಾ ಎಂದು ಇನ್ನೂ ಜಾಸ್ತಿ ನೋಡಬೇಕು.

ಮನೆಯವರ ಜೊತೆ ನಡೆದುಕೊಳ್ಳುವುದೇ ಕಷ್ಟ. ಹೊರಡುವಾಗ ಕೈಗೆ ದುಡ್ಡು ತುರುಕಲು ಬರುತ್ತಾರೆ. "ಆಫೀಸಿನಲ್ಲಿ ಕೊಟ್ಟು ರಸೀದಿ ತಗೊಳ್ಳಿ" ಎನ್ನುತ್ತೇನೆ. ಬೇಜಾರು ಮಾಡಿಕೊಂಡವರಿದ್ದಾರೆ. ಆದರೆ ಒಬ್ಬರಿಂದ ತೆಗೆದುಕೊಂಡರೆ ಕೊಡಲಾಗದವರ ಮನೆಯವರು ಏನಂದುಕೊಳ್ಳಬೇಕು? "ಅಮ್ಮನ ಫೋಟೋ ವಾಟ್ಸಾಪ್ ಮಾಡಿ" ಅಂದರೆ ಅಮ್ಮನನ್ನೇ ಕೇಳುತ್ತೇನೆ. ಒಬ್ಬರು ಸೀರೆ ಬದಲಿಸಿ, ತಲೆ ಬಾಚಿ, ಮಲ್ಲಿಗೆ ಮುಡಿಯದೆ ಒಪ್ಪುವುದೇ ಇಲ್ಲ. ಅಲ್ಲಿವರೆಗೆ ದುಬೈಯ ಮಗ ಕಾಯಬೇಕು.