ಕೀಂಯ್ ಅನ್ನುವ ಫ್ಯಾನ್ ಬೆಲ್ಟ್: ಬದಲಿಸುವ ಮುಂಚೆ ಒಮ್ಮೆ ನೀರು ಚಿಮುಕಿಸಿ

ಮಳೆಗಾಲದ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ 'ಕೀಂಯ್' ಅಂತ ಸದ್ದು. ಕೆಲವೇ ಸೆಕೆಂಡಿಗೆ ನಿಂತುಹೋದರೆ ಅದು ಹೆಚ್ಚಾಗಿ ರಾತ್ರಿಯ ತೇವದ್ದು. ದಿನಾ ಬಂದರೆ, ಎ.ಸಿ. ಹಾಕಿದಾಗ ಜಾಸ್ತಿಯಾದರೆ, ಫ್ಯಾನ್ ಬೆಲ್ಟ್ ನೋಡಲೇಬೇಕು. ಈಗಿನ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಕರೆಂಟಿನಲ್ಲಿ ತಿರುಗುತ್ತದೆ, ಆದರೂ ಗ್ಯಾರೇಜಿನಲ್ಲಿ ಆ ಹೆಸರೇ ಉಳಿದಿದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಕೆಲವು ಕಾರುಗಳಲ್ಲಿ ವಾಟರ್ ಪಂಪ್ ಕೂಡ ಈ ಬೆಲ್ಟಿನಿಂದಲೇ ತಿರುಗುತ್ತವೆ.

ಒಮ್ಮೆ ನಾನು ಸದ್ದು ಕೇಳಿದ್ದೇ ಬೆಲ್ಟ್ ಬದಲಿಸಿದೆ. ವಾರದೊಳಗೆ ಮತ್ತೆ ಅದೇ ಸದ್ದು. ಬಿಚ್ಚಿ ನೋಡಿದರೆ ಐಡ್ಲರ್ ಪುಲ್ಲಿಯ (ಬೆಲ್ಟಿಗೆ ದಾರಿ ತೋರಿಸುವ ಗಾಲಿಯ) ಬೇರಿಂಗ್ ಹೋಗಿತ್ತು. ಹಾಗಾಗಿ ಮೊದಲು ಕಾರಣ ಹುಡುಕಿ.

ಸೆರಗು, ದುಪಟ್ಟಾ, ಸಡಿಲ ತೋಳು ಎಲ್ಲ ಬಿಗಿ ಮಾಡಿಕೊಳ್ಳಿ. ಇಂಜಿನ್ ಓಡುತ್ತಿರುವಾಗ, ದೂರ ನಿಂತು, ಬೆಲ್ಟಿನ ಉದ್ದಕ್ಕೂ ಏಣುಗಳು (ಎದ್ದ ಗೆರೆಗಳು) ಇರುವ ಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬಿಗಿ ಸಾಲದು. ಗುಬ್ಬಿಯ ಹಾಗೆ ಚಿಂವ್ ಚಿಂವ್ ಅನ್ನುತ್ತಿದ್ದದ್ದು ನೀರು ಬಿದ್ದಾಗ ನಿಂತು, ಒಣಗಿದ ಮೇಲೆ ಮತ್ತೆ ಶುರುವಾದರೆ, ಯಾವುದೋ ಪುಲ್ಲಿ ಸಾಲು ತಪ್ಪಿದೆ. ನೀರಿಗೆ ಏನೂ ಬದಲಾಗದಿದ್ದರೆ ಬೇರಿಂಗ್ ಮೇಲೆ ಅನುಮಾನ.

ಈಗ ಇಂಜಿನ್ ಆಫ್ ಮಾಡಿ. ಕೀ ತೆಗೆದು ಜೇಬಿಗೆ ಹಾಕಿ, ತಣ್ಣಗಾಗಲು ಬಿಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬೆಲ್ಟ್ ಯಾವ ಪುಲ್ಲಿಯನ್ನು ಹೇಗೆ ಸುತ್ತಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇದನ್ನು ಮರೆತರೆ ಅರ್ಧ ದಿನ ಹೋಗುತ್ತದೆ. ಬೆಲ್ಟನ್ನು ತಾನೇ ಬಿಗಿಯಾಗಿಡುವ ಆಟೋಮ್ಯಾಟಿಕ್ ಟೆನ್ಷನರ್ ಇದ್ದರೆ ಸ್ಪ್ಯಾನರ್ ಹಾಕಿ ಅದನ್ನು ತಿರುಗಿಸಿ ಹಿಡಿದು, ಮೇಲಿನ ಪುಲ್ಲಿಯಿಂದ ಬೆಲ್ಟ್ ಜಾರಿಸಿ. ಇಲ್ಲದಿದ್ದರೆ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಬೇಕು. ಟೆನ್ಷನರೂ ಇಲ್ಲ, ಸಡಿಲಿಸುವ ಬೋಲ್ಟೂ ಇಲ್ಲ ಅಂದರೆ ಅದು ಎಳೆದು ಕೂರಿಸುವ ಬೆಲ್ಟ್. ಅದಕ್ಕೆ ಬೇರೆ ಟೂಲ್ ಬೇಕು, ಗ್ಯಾರೇಜಿಗೇ ಬಿಡಿ.

ಬೆಲ್ಟ್ ಕೈಗೆ ಬಂದ ಮೇಲೆ ಬಿಸಿಲಿಗೆ ಹಿಡಿದು ಬಗ್ಗಿಸಿ. ಏಣುಗಳು ಕನ್ನಡಿಯ ಹಾಗೆ ಮಿಂಚಿದರೆ, ಬಿರುಕು ಬಿಟ್ಟಿದ್ದರೆ, ಅಂಚಿನ ನೂಲು ಎದ್ದಿದ್ದರೆ ಅದರ ಆಯಸ್ಸು ಮುಗಿದಿದೆ. ಎಣ್ಣೆಯೋ ಕೂಲೆಂಟೋ ಅಂಟಿದ್ದರೆ ಸೋರಿಕೆ ಮೊದಲು ಸರಿಮಾಡಿ, ಇಲ್ಲವಾದರೆ ಹೊಸದೂ ಹಾಳು. ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಮರಳು ಸಿಕ್ಕಿಕೊಂಡ ಹಾಗೆ ಗರಗರ ಅಂದರೆ, ಅಲುಗಾಡಿದರೆ, ಆ ಪುಲ್ಲಿಯೇ ಕಳ್ಳ. ಸಂದಿನಲ್ಲಿ ಸಣ್ಣ ಕಲ್ಲು ಸಿಕ್ಕಿದೆಯಾ ಅಂತಲೂ ನೋಡಿ.

ಹಳೆಯ ಬೆಲ್ಟಿನ ಮೇಲೆ 6ಪಿಕೆ1000 ಅನ್ನುವಂಥ ಗುರುತು ಇರುತ್ತದೆ: 6 ಏಣು, 1000 ಮಿ.ಮೀ. ಉದ್ದ. ಅಂಗಡಿಯಲ್ಲಿ ಅದನ್ನೇ ಕೇಳಿ. ಸದ್ದಿಗೆ ಅಂತ ಸ್ಪ್ರೇ ಕೊಟ್ಟರೆ ಬೇಡ ಅನ್ನಿ. ನಾಲ್ಕು ದಿನ ಸುಮ್ನಿದ್ದು, ಧೂಳು ಹಿಡಿದು ಮತ್ತೆ ಕಿರುಚುತ್ತದೆ.

ಫೋಟೋ ನೋಡಿಕೊಂಡು ಹೊಸ ಬೆಲ್ಟ್ ಸುತ್ತಿ. ಸಂದುಗಳಿರುವ ಪ್ರತಿ ಪುಲ್ಲಿಯಲ್ಲೂ ಎಲ್ಲ ಏಣುಗಳು ಸಂದಿನಲ್ಲೇ ಕೂತಿವೆಯಾ ಅಂತ ಬೆರಳಾಡಿಸಿ ನೋಡಿ. ಒಂದು ಏಣು ಹೊರಗುಳಿದರೂ ಬೆಲ್ಟ್ ಹರಿಯುತ್ತದೆ. ಬಿಗಿ ಎಷ್ಟಿರಬೇಕು ಅನ್ನುವುದು ಕಾರಿನ ಮ್ಯಾನುಯಲ್‌ನಲ್ಲಿ ಇರುತ್ತದೆ. ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ, ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಆರಿದೆಯಾ ನೋಡಿ. ಬೋಲ್ಟಿನಿಂದ ಬಿಗಿ ಮಾಡುವ ಕಾರಾದರೆ ಕೆಲವು ದಿನ ಓಡಿಸಿದ ಮೇಲೆ ಬಿಗಿ ಮತ್ತೊಮ್ಮೆ ನೋಡಿ, ಹೊಸ ಬೆಲ್ಟ್ ಸ್ವಲ್ಪ ಹಿಗ್ಗುತ್ತದೆ.