ಹಾಳೆಯ ನಾರು ಹೋದ ದಿಕ್ಕಿಗೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆಯ ಹಿಂದೆ ಒಂದು ಎಕರೆಯಷ್ಟು ಅಡಕೆ ತೋಟವಿದೆ. ಅಲ್ಲಿ ಬೀಳುವ ಹಾಳೆಯಿಂದ, ಅಂದರೆ ಅಡಕೆ ಗರಿಯ ಬುಡದಲ್ಲಿ ಮರವನ್ನು ಸುತ್ತಿಕೊಂಡಿರುವ ಅಗಲವಾದ ಪೊರೆಯಿಂದ, ಹೆಗಲಚೀಲ, ಕೈಚೀಲ ಮತ್ತು ಸಣ್ಣ ಪರ್ಸುಗಳನ್ನು ಮಾಡಿ ಮಾರುವುದು ಆರು ವರ್ಷಗಳಿಂದ ನನ್ನ ಕಸುಬು. ಹಾಳೆ ನಮ್ಮ ಕಡೆಯವರಿಗೆ ಹೊಸ ವಸ್ತುವೇನಲ್ಲ. ಹಸುಗೂಸನ್ನು ಮಲಗಿಸಿ ಮೀಯಿಸುತ್ತಿದ್ದುದು ಹಾಳೆಯ ಮೇಲೆ, ಸೆಕೆಗೆ ಬೀಸಿಕೊಳ್ಳುತ್ತಿದ್ದುದು ಹಾಳೆಯ ಬೀಸಣಿಗೆಯಲ್ಲಿ, ಮಕ್ಕಳಾಗಿದ್ದಾಗ ಒಬ್ಬರು ಕುಳಿತು ಇನ್ನೊಬ್ಬರು ಅಂಗಳದುದ್ದಕ್ಕೂ ಎಳೆಯುತ್ತಿದ್ದ ಗಾಡಿಯೂ ಸೋಗೆ (ಗರಿ) ಸಮೇತದ ಹಾಳೆಯೇ. ಇಷ್ಟೆಲ್ಲ ಬಳಕೆಯಿದ್ದ ವಸ್ತುವನ್ನು ಚೀಲವಾಗಿಸಲು ನನಗೆ ಎರಡು ವರ್ಷ ಹಿಡಿಯಿತು ಎಂದರೆ ತಪ್ಪು ಹಾಳೆಯದಲ್ಲ, ನಾನು ಕಲಿತು ಬಂದ ವಿದ್ಯೆಯದು.

ನಾನು ಮಂಗಳೂರಿನಲ್ಲಿ ಹೊಲಿಗೆ ಮತ್ತು ಉಡುಪಿನ ವಿನ್ಯಾಸ ಕಲಿತವಳು. ಅಲ್ಲಿ ಮೊದಲು ಕಾಗದದ ಮೇಲೆ ಆಕಾರ ಬರೆಯುತ್ತಾರೆ, ಆಮೇಲೆ ವಸ್ತುವನ್ನು ಆ ಆಕಾರಕ್ಕೆ ಕತ್ತರಿಸುತ್ತಾರೆ. ನಾನೂ ಹಾಗೆಯೇ ಹಾಳೆಯನ್ನು ನೆನೆಸಿ, ಚಪ್ಪಟೆ ಮಾಡಿ, ಆರು ತುಂಡುಗಳಾಗಿ ಕತ್ತರಿಸಿ, ದಪ್ಪ ಸೂಜಿ ಹಾಕಿದ ಯಂತ್ರದಲ್ಲಿ ಒಟ್ಟು ಹೊಲಿದೆ. ಚೀಲ ನೋಡಲು ಚೆನ್ನಾಗಿಯೇ ಇತ್ತು. ಅದರೊಳಗೆ ಎರಡು ತೆಂಗಿನಕಾಯಿ ಹಾಕಿ ಎತ್ತಿದಾಗ ಬದಿಯ ಹೊಲಿಗೆ ಅಂಚೆಚೀಟಿ ಹರಿದಂತೆ ಉದ್ದಕ್ಕೆ ಹರಿದುಕೊಂಡು ಹೋಯಿತು. ಹಾಳೆಯ ನಾರು ತೊಟ್ಟಿನ ಕಡೆಯಿಂದ ಬುಡದ ಕಡೆಗೆ ಒಂದೇ ದಿಕ್ಕಿನಲ್ಲಿ ಓಡುತ್ತದೆ, ಬಟ್ಟೆಯಲ್ಲಿರುವಂತೆ ಅಡ್ಡನೂಲು ಇಲ್ಲ. ಆ ನಾರಿನ ಗುಂಟ ಸಾಲಾಗಿ ತೂತು ಮಾಡಿದರೆ ಹರಿಯುವ ಗೆರೆಯನ್ನು ನಾವೇ ಹಾಕಿಕೊಟ್ಟಂತೆ. ಇದು ತಿಳಿಯುವ ಮೊದಲು ನಾನು ನೂಲು ಬದಲಾಯಿಸಿದೆ, ಸೂಜಿ ಬದಲಾಯಿಸಿದೆ, ಅಂಟು ಬದಲಾಯಿಸಿದೆ. ಹೀಗೆ ಹಾಳಾದ ಚೀಲಗಳ ಲೆಕ್ಕ ಇಡಲಿಲ್ಲ. ಬಚ್ಚಲ ಒಲೆಗೆ ಸೌದೆಯ ಕೊರತೆಯಂತೂ ಆಗಲಿಲ್ಲ.

ದಾರಿ ತೋರಿಸಿದವರು ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ವೃದ್ಧೆ. ಅವರು ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೆ, ಗಮನವಿಟ್ಟು ನೋಡಿದ್ದು ಆಗಲೇ ಮೊದಲು. ಒಂದು ಹಾಳೆ, ಒಂದು ಕತ್ತಿ, ಒಂದಿಷ್ಟು ಬಾಳೆನಾರು. ಅಳತೆಗೆ ಅವರ ಮೊಣಕಾಲೇ ಸಾಕು. ನೆನೆದ ಹಾಳೆಯನ್ನು ಮೊಣಕಾಲಿನ ಮೇಲೆ ಕವುಚಿ, ಎರಡೂ ತುದಿಗಳನ್ನು ನಿರಿಗೆ ಹಿಡಿದು ಮಡಚಿ, ಆ ಮಡಿಕೆಗಳನ್ನು ಮಾತ್ರ ನಾಲ್ಕೈದು ಕಡೆ ನಾರಿನಿಂದ ಬಿಗಿದರು. ಇಡೀ ಟೊಪ್ಪಿಯಲ್ಲಿ ಕತ್ತರಿಸಿ ಜೋಡಿಸಿದ ತುಂಡು ಒಂದೂ ಇರಲಿಲ್ಲ. ಮಡಿಕೆ ಬಿದ್ದಲ್ಲಿ ಹಾಳೆ ಎರಡು ಮೂರು ಪದರ ದಪ್ಪವಾಗುವುದರಿಂದ ಗಂಟು ಹಾಕುವ ಜಾಗ ತಾನಾಗಿ ಗಟ್ಟಿಯಾಗುತ್ತದೆ. ನಾರು ಎಲ್ಲಿಯೂ ತುಂಡಾಗದೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಬಾಗಿ ನಿಲ್ಲುವುದರಿಂದ ಮಳೆಗೂ ತಲೆಹೊರೆಗೂ ತಡೆದುಕೊಳ್ಳುತ್ತದೆ. ಹಾಳೆಗೆ ಕತ್ತರಿ ಸೇರುವುದಿಲ್ಲ, ಮಡಿಕೆ ಸೇರುತ್ತದೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನು ಕೇಳಿದ ಪ್ರಶ್ನೆಗಳೆಲ್ಲ ಅವರಿಗೆ ತಮಾಷೆಯಾಗಿ ಕಂಡವು.

ಇಲ್ಲಿ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಇಂದು ಸಭೆಗಳಲ್ಲಿ ಅತಿಥಿಗಳ ತಲೆಗೆ ಮುಟ್ಟಾಳೆ ತೊಡಿಸಿ ಚಪ್ಪಾಳೆ ತಟ್ಟುತ್ತಾರೆ. ಅದೇ ಮುಟ್ಟಾಳೆಯನ್ನು ಧಣಿಯ ಅಂಗಳಕ್ಕೆ ಕಾಲಿಡುವ ಮೊದಲು ತೆಗೆದು ಕಂಕುಳಲ್ಲಿ ಇರುಕಿಕೊಳ್ಳಬೇಕಾಗಿತ್ತು ಎಂದು ಆ ವೃದ್ಧೆ ನಗುತ್ತಲೇ ಹೇಳಿದ್ದರು. ಆ ವಿದ್ಯೆಯಿಂದ ನಾನು ಚೀಲ ಮಾಡಿ ಮಾರುತ್ತಿದ್ದೇನೆ. ಅವರು ಕೆಲಸ ಮಾಡಲು ಸಾಧ್ಯವಿದ್ದಷ್ಟು ಕಾಲ, ಮಡಿಕೆಯ ಕೆಲಸಕ್ಕೆ ತೋಟದ ಕೂಲಿಗಿಂತ ಹೆಚ್ಚು ಕೊಟ್ಟಿದ್ದೇನೆ. ಅದರಿಂದ ಲೆಕ್ಕ ಸರಿಹೋಯಿತು ಎಂದು ನಾನು ಭಾವಿಸಿಲ್ಲ.

ಚೀಲಕ್ಕೆ ಒದಗುವ ಹಾಳೆಯನ್ನು ಆರಿಸುವುದೇ ಕೆಲಸದ ಅರ್ಧ ಭಾಗ. ಒಂದು ಎಕರೆಯಲ್ಲಿ ಸುಮಾರು 550 ಮರಗಳಿರುತ್ತವೆ. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ಹಾಗಾಗಿ ಮೂರು ಸಾವಿರಕ್ಕೂ ಮಿಕ್ಕಿ ಹಾಳೆ ಸಿಗಬೇಕು, ಆದರೆ ನನ್ನ ಕೈಗೆ ಬರುವುದು ಐದರಲ್ಲಿ ಒಂದು. ಬಿದ್ದ ದಿನವೇ ಹೆಕ್ಕದಿದ್ದರೆ ರಾತ್ರಿಯ ಇಬ್ಬನಿಗೆ ಕಪ್ಪು ಚುಕ್ಕಿ ಕೂರುತ್ತದೆ, ಎರಡು ದಿನ ಬಿಟ್ಟರೆ ಗೆದ್ದಲು ಬರುತ್ತದೆ. ಡಿಸೆಂಬರಿನಿಂದ ಮೇ ತಿಂಗಳ ನಡುವೆ ಬೀಳುವ ಹಾಳೆಯನ್ನು ಮಾತ್ರ ನಾನು ಬಳಸುತ್ತೇನೆ. ಮಳೆಗಾಲದ ಹಾಳೆಗೆ ಬೂಸ್ಟು ಹಿಡಿಯುವುದು ಒಂದು ಕಾರಣ. ಇನ್ನೊಂದು ಕಾರಣ ತೋಟದವರಿಗೆ ಮಾತ್ರ ಥಟ್ಟನೆ ಹೊಳೆಯುವಂಥದು: ಮಳೆಗಾಲದಲ್ಲಿ ಅಡಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣವು ಗೊನೆಯಿಂದ ಇಳಿದು ಹಾಳೆಯ ಮೇಲೆ ನೀಲಿ ಕಲೆಯಾಗಿ ಕೂರುತ್ತದೆ. ಬೇಸಗೆಯ ಹಾಳೆಯಲ್ಲಿಯೂ ಕೆಲವೊಮ್ಮೆ ಅದರ ಮಾಸಲು ಗುರುತು ಉಳಿದಿರುತ್ತದೆ. ಮೊದಲು ಅಂಥ ಹಾಳೆಗಳನ್ನು ಬದಿಗಿಡುತ್ತಿದ್ದೆ. ಈಗ ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆದ ಮೇಲೂ ಉಳಿಯುವ ತೆಳು ನೀಲಿಯನ್ನು ಚೀಲದ ಹೊರಮೈಯಲ್ಲಿ ಹಾಗೆಯೇ ಬಿಡುತ್ತೇನೆ. ಅದು ಏನೆಂದು ಕೇಳುವವರಿಗೆ ಕೊಳೆರೋಗದ ಕಥೆಯನ್ನೇ ಹೇಳುತ್ತೇನೆ.

ತೊಳೆದ ಹಾಳೆಯನ್ನು ನೆರಳಿನಲ್ಲಿ, ಮೇಲೆ ಹಲಗೆ ಮತ್ತು ಕಲ್ಲು ಹೇರಿ, ಮೂರು ದಿನ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಅಂಚು ಸುರುಳಿ ಸುತ್ತಿ ಬಿರುಕು ಬಿಡುತ್ತದೆ. ಒಣಗಿದ್ದನ್ನು ಅಡುಗೆಮನೆಯ ಅಟ್ಟದಲ್ಲಿ ಇಡುತ್ತೇನೆ. ಅಲ್ಲಿ ಹೊಗೆ ಆಡುವುದರಿಂದ ಹುಳ ಹಿಡಿಯುವುದಿಲ್ಲ, ಬಣ್ಣವೂ ತುಸು ಜೇನಿನ ಕಡೆಗೆ ತಿರುಗುತ್ತದೆ. ಕೆಲಸಕ್ಕೆ ಬೇಕಾದಾಗ ಮತ್ತೆ ನೀರಿನಲ್ಲಿ ಮುಳುಗಿಸಿ ಅರ್ಧ ಗಂಟೆ ಬಿಟ್ಟರೆ ಅದು ಒದ್ದೆ ಚರ್ಮದಂತೆ ಮೆತ್ತಗಾಗುತ್ತದೆ. ಆ ಮೆದುತನ ಮತ್ತೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಮಡಿಕೆಗಳೆಲ್ಲ ಅಷ್ಟರೊಳಗೆ ಮುಗಿಯಬೇಕು. ಆ ಹೊತ್ತಿನಲ್ಲಿ ನಾನು ಫೋನ್ ಎತ್ತುವುದಿಲ್ಲ.

ಹಾಳೆ ಸದಾ ಮೆತ್ತಗೇ ಇರಬೇಕೆಂಬ ಆಸೆಯಿಂದ ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳುತ್ತೇನೆ. ನೆದರ್ಲ್ಯಾಂಡ್ಸಿನ ವಿನ್ಯಾಸಕ ಚೀರ್ಡ್ ವೇನ್‌ಹೋವನ್ ಎಂಬವರು ಅಡಕೆ ಹಾಳೆಯನ್ನು ಗ್ಲಿಸರಿನ್ ಬಳಸಿ ಮೆದುಗೊಳಿಸಿ ಚರ್ಮಕ್ಕೆ ಬದಲಾಗಿ ಬಳಸಿದ್ದಾರೆಂದು ಓದಿದ್ದೆ. ಔಷಧದಂಗಡಿಯಿಂದ ಗ್ಲಿಸರಿನ್ ತಂದು, ನೀರಿಗೆ ಬೆರೆಸಿ, ಹಾಳೆಗಳನ್ನು ನಾಲ್ಕು ದಿನ ಅದರಲ್ಲಿ ಮುಳುಗಿಸಿಟ್ಟೆ. ಎಪ್ರಿಲ್ ತಿಂಗಳಲ್ಲಿ ಫಲಿತಾಂಶ ಅದ್ಭುತವಾಗಿತ್ತು. ಹಾಳೆ ಮಡಚಿದರೂ ಮುರಿಯುತ್ತಿರಲಿಲ್ಲ, ಕೈಗೆ ನುಣುಪಾಗಿ ಹತ್ತುತ್ತಿತ್ತು. ಆ ಉತ್ಸಾಹದಲ್ಲಿ 40 ಚೀಲ ಮಾಡಿ ಹೊರಊರಿನ ಒಂದು ಅಂಗಡಿಗೆ ಕಳುಹಿಸಿದೆ. ಗ್ಲಿಸರಿನ್ ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವ ವಸ್ತು. ಒಣ ಹವೆಯಲ್ಲಿ ಅದರಿಂದ ಉಪಕಾರವೇ ಆಗುತ್ತದೆ, ಆದರೆ ಮಳೆ ಸುರಿಯುವ ಆಟಿ ತಿಂಗಳಿನ ಕರಾವಳಿಯಲ್ಲಿ ಚೀಲ ಬೆವರತೊಡಗುತ್ತದೆ. ಜುಲೈ ಕೊನೆಗೆ 31 ಚೀಲಗಳು ಮರಳಿ ಬಂದವು. ಹೊರಗೆ ಜಿಗುಟು, ಒಳಗೆ ಹಸುರು ಬೂಸ್ಟು. ಅಂಗಡಿಯವರು ಹಣ ಕೊಡಲಿಲ್ಲ, ಸಾಗಾಟದ ಖರ್ಚನ್ನೂ ನನ್ನ ಮೇಲೆ ಹಾಕಿದರು. ಬೂಸ್ಟಿಗೆ ನಾನು ಹೊಣೆ ಎಂಬುದನ್ನು ಒಪ್ಪುತ್ತೇನೆ, ಆದರೆ ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಎರಡು ತಿಂಗಳು ಸುತ್ತಿಟ್ಟದ್ದಕ್ಕೂ ನಾನೇ ಹೊಣೆ ಎಂಬುದನ್ನು ಇಂದಿಗೂ ಒಪ್ಪಿಲ್ಲ. ಆ ಬಳಿಕ ಗ್ಲಿಸರಿನ್ ಬಿಟ್ಟೆ. ಬಾಗಬೇಕಾದ ಕಡೆ ಹಾಳೆಯನ್ನು ಬಾಗಿಸುವ ಹಟವನ್ನೂ ಬಿಟ್ಟು, ಅಲ್ಲಿ ಬಟ್ಟೆಯ ಕೀಲು ಕೊಡಲು ಶುರುಮಾಡಿದೆ.

ಈಗಿನ ನನ್ನ ಚೀಲ ಹೀಗಿದೆ: ಒಂದೇ ಹಾಳೆ, ಮುಟ್ಟಾಳೆಯಂತೆ ಎರಡು ಬದಿಗಳಲ್ಲಿ ನಿರಿಗೆ ಹಿಡಿದು ದೋಣಿಯಾಕಾರಕ್ಕೆ ಮಡಚಿದ್ದು. ಹೊಲಿಗೆ ಕೈಯದ್ದೇ, ಅದೂ ಮೂರು ಪದರ ಸೇರಿದ ಮಡಿಕೆಗಳಲ್ಲಿ ಮಾತ್ರ, ತೂತುಗಳು ಒಂದೇ ನಾರಿನ ಮೇಲೆ ಬೀಳದಂತೆ ಓರೆಯಾಗಿ. ಬಾಯಿಯ ಅಂಚಿಗೆ ಮತ್ತು ಒಳಪದರಕ್ಕೆ ಕಾಸರಗೋಡಿನ ಕೈಮಗ್ಗದ ಹತ್ತಿಬಟ್ಟೆ. ನಮ್ಮ ಜಿಲ್ಲೆಯ ಶಾಲಿಯ ನೇಕಾರರು ನೇಯುವ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಾಸರಗೋಡು ಸೀರೆಯ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಚೀಲದ ಬಾಯಿ ತೆರೆದಾಗ ಕಾಣುವ ಆ ಬಟ್ಟೆಯ ಚೌಕುಳಿಗೇ ಎಷ್ಟೋ ಜನ ಮನಸೋಲುತ್ತಾರೆ. ಬಟ್ಟೆಯನ್ನು ಹಾಳೆಗೆ ಹಚ್ಚಲು ಮೈದಾ ಅಂಟನ್ನು ನಾನೇ ಕಾಯಿಸುತ್ತೇನೆ. ಮೊದಮೊದಲು ಆ ಅಂಟಿಗೆ ಜಿರಳೆ ಮುತ್ತುತ್ತಿತ್ತು. ಪುಸ್ತಕ ಕಟ್ಟುವವರು ಅಂಟಿಗೆ ಚಿಟಿಕೆ ಮೈಲುತುತ್ತು ಹಾಕುತ್ತಾರೆಂದು ಕೇಳಿ ನಾನೂ ಹಾಕಿದೆ, ಕಾಟ ನಿಂತಿತು. ತೋಟದ ಔಷಧದ ಡಬ್ಬಿಯೇ ಹೊಲಿಗೆಯ ಕೋಣೆಗೂ ಬಂದಂತಾಯಿತು. ಅದು ವಿಷವಾದ್ದರಿಂದ ಅಂಟು ಕಾಯಿಸುವ ಪಾತ್ರೆಯನ್ನು ಅಡುಗೆಮನೆಯಿಂದ ಹೊರಗೇ ಇಟ್ಟಿದ್ದೇನೆ. ಗುಂಡಿಗಳು ತೆಂಗಿನ ಗೆರಟೆಯವು, ಗರಗಸದಲ್ಲಿ ಕೊಯ್ದು, ಮರಳುಕಾಗದದಲ್ಲಿ ಉಜ್ಜಿ, ತೆಂಗಿನೆಣ್ಣೆ ಸವರಿದವು. ಮಳೆಗಾಲದ ನಾಲ್ಕು ತಿಂಗಳು ಹಾಳೆಯನ್ನು ಮುಟ್ಟದೆ ಗುಂಡಿ, ಪಟ್ಟಿ, ಒಳಪದರ ಇಷ್ಟನ್ನೇ ಮಾಡಿಟ್ಟುಕೊಳ್ಳುತ್ತೇನೆ.

ಗಟ್ಟಿಯಾದ ದುಂಡು ಚೀಲವೊಂದನ್ನು ಮಾಡಲು ದಾರಿ ಸಿಕ್ಕಿದ್ದು ನೆರೆಯವರ ಕಷ್ಟದಿಂದ. ಅವರದು ಹಾಳೆತಟ್ಟೆ ಒತ್ತುವ ಸಣ್ಣ ಘಟಕ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಕೆಯ ಆಲ್ಕಲಾಯ್ಡುಗಳೆಂಬ ರಾಸಾಯನಿಕಗಳು ಹಾಳೆತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಹೇಳಿ ಅಂಥ ತಟ್ಟೆಗಳ ವಿರುದ್ಧ ಎಚ್ಚರಿಕೆ ಹೊರಡಿಸಿದ ಮೇಲೆ ಅವರಿಗಿದ್ದ ಬೇಡಿಕೆ ಕುಸಿಯಿತು. ಖಾಲಿ ನಿಂತ ಯಂತ್ರದಲ್ಲಿ ವಾರಕ್ಕೊಂದು ದಿನ ನನ್ನ ಹಾಳೆ ಒತ್ತಿಕೊಡುವಂತೆ ಕೇಳಿದೆ. ಆಳದ ಎರಡು ತಟ್ಟೆಗಳನ್ನು ಮುಖಾಮುಖಿ ಇಟ್ಟು ಸುತ್ತ ಬಟ್ಟೆಯ ಪಟ್ಟಿ ಕೊಟ್ಟರೆ ಚಿಪ್ಪಿನಂಥ ಚೀಲವಾಗುತ್ತದೆ. ಇದರಲ್ಲಿ ಯಾರೂ ಉಣ್ಣುವುದಿಲ್ಲವಾದ್ದರಿಂದ ಆಲ್ಕಲಾಯ್ಡಿನ ಚಿಂತೆಯೂ ಇಲ್ಲ. ಯುವತಿಯರು ಹೆಚ್ಚು ಕೊಳ್ಳುವುದು ಇದನ್ನೇ. ನನ್ನ ಮನಸ್ಸು ಮಾತ್ರ ಮಡಿಕೆಯ ಚೀಲದ ಕಡೆಗೇ ಇದೆ. ಯಂತ್ರದ್ದು ಪ್ರತಿಸಲವೂ ಒಂದೇ ಥರ ಬರುತ್ತದೆ.

ಬೆಲೆಯ ವಿಷಯದಲ್ಲಿ ನಾನು ಬಹುಕಾಲ ಮೂರ್ಖಳಾಗಿದ್ದೆ. ಹಾಳೆ ಪುಕ್ಕಟೆ ತಾನೇ ಎಂಬ ಲೆಕ್ಕದಲ್ಲಿ ಮೊದಲ ಚೀಲಕ್ಕೆ 350 ರೂಪಾಯಿ ಇಟ್ಟಿದ್ದೆ. ಹೆಕ್ಕುವುದರಿಂದ ಗುಂಡಿ ಹಾಕುವವರೆಗೆ ಗಡಿಯಾರ ಇಟ್ಟು ನೋಡಿದಾಗ ಒಂದು ಚೀಲಕ್ಕೆ ಏಳು ಗಂಟೆ ಹಿಡಿಯುತ್ತಿತ್ತು. ಬಟ್ಟೆ, ನೂಲು, ಸಾಗಾಟ ಕಳೆದರೆ ಉಳಿಯುತ್ತಿದ್ದುದು ತೋಟದ ಅರ್ಧ ದಿನದ ಕೂಲಿಗೂ ಸಾಲುತ್ತಿರಲಿಲ್ಲ. ಈಗ ಮಡಿಕೆಯ ಚೀಲಕ್ಕೆ 1,400 ರೂಪಾಯಿ ಇದೆ. ಓಣಂ ಮೇಳದಲ್ಲಿ ಅಷ್ಟೊಂದೇ ಎಂದು ಬಾಯಿ ಬಿಡುವವರು ನಮ್ಮೂರಿನವರೇ, ಅವರ ಕೊಟ್ಟಿಗೆಯಲ್ಲಿ ಹಾಳೆ ರಾಶಿ ಬಿದ್ದಿರುತ್ತದೆ. ಹೆಸರುಚೀಟಿಯಲ್ಲಿ ಕನ್ನಡ, ಮಲಯಾಳ ಎರಡರಲ್ಲಿಯೂ ಬರೆಯುತ್ತೇನೆ. ತುಳುವರ ಪಾಳೆಯೂ ಮಲಯಾಳಿಗಳ ಪಾಳವೂ ನಮ್ಮ ಹಾಳೆಯೇ ಆದ್ದರಿಂದ ವಿವರಣೆ ಉದ್ದವಾಗುವುದಿಲ್ಲ.

ನಿತ್ಯ ಬಳಸಿದರೆ ಹಾಳೆ ಮೂರು ವರ್ಷದ ಆಸುಪಾಸಿನಲ್ಲಿ ಮೂಲೆಯಲ್ಲಿ ಸೀಳುತ್ತದೆ ಎಂದು ಕೊಳ್ಳುವಾಗಲೇ ಹೇಳಿಬಿಡುತ್ತೇನೆ. ಸೀಳಿದ್ದನ್ನು ತಂದುಕೊಟ್ಟರೆ ಒಳಬಟ್ಟೆ, ಪಟ್ಟಿ, ಗುಂಡಿ ಬಿಚ್ಚಿ ಹೊಸ ಹಾಳೆಗೆ ಕಟ್ಟಿಕೊಡುತ್ತೇನೆ, 300 ರೂಪಾಯಿಗೆ. ಕುಂಬಳೆಯ ಶಿಕ್ಷಕಿಯೊಬ್ಬರ ಚೀಲ ಹೋದ ಫೆಬ್ರವರಿಯಲ್ಲಿ ಎರಡನೆಯ ಹಾಳೆ ಕಂಡಿತು. ಹಳೆಯದನ್ನು ಬಿಚ್ಚಿದಾಗ ಮಡಿಕೆಯ ಹೊಲಿಗೆಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಸೀಳಿದ್ದು, ಪೆನ್ನು ಸಿಕ್ಕಿಸಲು ಅವರೇ ಮನೆಯಲ್ಲಿ ತೂತು ಕೊರೆದುಕೊಂಡಿದ್ದ ಜಾಗದಲ್ಲಿ.