95ಕ್ಕೆ ಬಂದರೆ ನಡುಗುತ್ತಿದ್ದ ಹೊಸ ಕಾರು

ಕಾರು ತಂದು ಮೂರು ವಾರ ಆಗಿತ್ತು. ಅಮ್ಮನನ್ನು ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟಿದ್ದೆವು. ತುಮಕೂರು ದಾಟಿ, ಶಿರಾನೂ ಆದಮೇಲೆ ರಸ್ತೆ ಖಾಲಿ ಸಿಕ್ಕಿತು. ಸ್ಪೀಡು ತೊಂಬತ್ತು ದಾಟಿದ್ದೇ ತಡ, ಹಿಂದಿನಿಂದ ಅಮ್ಮ ಕೇಳಿದಳು: "ಏನೋ ಇದು, ಕಾಲಡಿ ಜುಮ್ ಅಂತಿದೆ? ಹಿಟ್ಟಿನ ಗಿರಣಿ ಪಕ್ಕ ಕೂತಂಗಾಗ್ತಿದೆ."

ರಸ್ತೆ ಸರಿ ಇಲ್ಲ ಅಂದೆ. ಹೊಸ ಕಾರಿನ ಮೇಲೆ ಅನುಮಾನ ಪಡೋಕೆ ಮನಸ್ಸು ಬರುವುದಿಲ್ಲ, ಅಲ್ವಾ? ಆದರೆ ಹಿರಿಯೂರಿನ ತನಕ ನೋಡಿದೆ. 80ರಲ್ಲಿ ಏನೂ ಇಲ್ಲ. 85ರಿಂದ ಶುರು. 95ರಲ್ಲಿ ಪೂರ್ತಿ ಜೋರು. 100ಕ್ಕೆ ಹೋದರೆ ಸ್ವಲ್ಪ ಇಳಿದಂತೆ. ಮುಂದಿನ ಸೀಟುಗಳ ನಡುವೆ ಇಟ್ಟಿದ್ದ ಬಾಟಲಿಯಲ್ಲಿ ನೀರು ಸಣ್ಣಗೆ ಕುಣಿಯುತ್ತಿತ್ತು.

ಸರ್ವಿಸ್ ಸೆಂಟರ್‌ಗೆ ಮೂರು ಸಲ ಹೋದೆ. ಮೊದಲನೇ ಸಲ ಮುಂದಿನ ಎರಡು ಚಕ್ರ ಬ್ಯಾಲೆನ್ಸಿಂಗ್ ಮಾಡಿದರು, ಅಂದರೆ ಸುತ್ತಲೂ ತೂಕ ಸಮ ಆಗೋ ಹಾಗೆ ರಿಮ್ಮಿಗೆ ಸಣ್ಣ ತೂಕ ಅಂಟಿಸಿದರು. ಎರಡನೇ ಸಲ ಮತ್ತೆ ಅದನ್ನೇ ಮಾಡಿ, ಜೊತೆಗೆ ವೀಲ್ ಅಲೈನ್‌ಮೆಂಟ್ ಮಾಡಿ ಕೊಟ್ಟರು. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರು ಅಡ್ಡಾದಿಡ್ಡಿ ಸವೆಯುತ್ತೆ. ಸೀಟು ನಡುಗುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೂ ಏನೇ ತೊಂದರೆ ಹೇಳಿದರೂ ಮೊದಲು ಮಾಡುವ ಮದ್ದು ಅದೇ. ಮೂರನೇ ಸಲ ನಾನೂ ಜೊತೆಗೆ ಟ್ರಯಲ್‌ಗೆ ಕೂತೆ. ಸಿಟಿ ಒಳಗೇ ಒಂದು ಸುತ್ತು ಹೊಡೆದು, 60 ದಾಟದೆ ವಾಪಸ್ ಬಂದರು. "ಏನೂ ಇಲ್ವಲ್ಲ ಸಾರ್, ಈ ಮಾಡೆಲ್ ಎಲ್ಲಾ ಹೀಗೇ" ಅಂದರು ಅಡ್ವೈಸರ್. ಏನೂ ಇಲ್ಲದಿದ್ದರೆ "ಎಲ್ಲಾ ಹೀಗೇ" ಅಂತ ಯಾಕೆ ಹೇಳಬೇಕು? ಆ ಮಾತಿಗೆ ಸಿಟ್ಟು ಬಂದು ನಾನೇ ಹುಡುಕಲು ಕೂತೆ.

ನಾನು ಮೆಕ್ಯಾನಿಕ್ ಅಲ್ಲ. ಅಪ್ಪನ ಸ್ಕೂಟರ್ ಬಿಚ್ಚಿ ಕಟ್ಟಿದ ಅಭ್ಯಾಸ ಇದೆ ಅಷ್ಟೇ.

ಮೊದಲು ಖರ್ಚಿಲ್ಲದ ಕೆಲಸಗಳು. ಬೆಳಿಗ್ಗೆ ಟೈರು ತಣ್ಣಗಿರುವಾಗ ನಾಲ್ಕಕ್ಕೂ ಗಾಳಿ ನೋಡಿದೆ, ಸರಿ ಇತ್ತು. ರಿಮ್ಮಿನ ಒಳಗಡೆ ಕೆಸರು ಒಣಗಿ ಅಂಟಿದೆಯೇ ಅಂತ ಬೆರಳು ಆಡಿಸಿದೆ. ಇದನ್ನು ಹಗುರ ಮಾಡಬೇಡಿ, ಮಳೆಗಾಲದಲ್ಲಿ ಎಷ್ಟೋ ಗಾಡಿಗಳ ನಡುಕಕ್ಕೆ ಒಂದು ಹಿಡಿ ಒಣಗಿದ ಮಣ್ಣೇ ಕಾರಣ. 20 ಗ್ರಾಂ ಏನು ಮಹಾ ಅನ್ನಿಸುತ್ತೆ. ಆದರೆ 16 ಇಂಚಿನ ರಿಮ್ಮಿನ ಅಂಚಿನಲ್ಲಿ ಅಷ್ಟು ತೂಕ ಜಾಸ್ತಿ ಇದ್ದರೆ, 95ರ ವೇಗದಲ್ಲಿ ಅದು ಸುಮಾರು ಮೂರು ಕೆಜಿ ಬಲದಲ್ಲಿ ಆಕ್ಸಲ್ಲನ್ನು ಎಳೆದಾಡುತ್ತೆ. ಅದೂ ಸೆಕೆಂಡಿಗೆ ಹದಿಮೂರು ಸಲ. ನನ್ನ ಚಕ್ರಗಳಲ್ಲಿ ಕೆಸರು ಇರಲಿಲ್ಲ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೇ ತುಮಕೂರು ರಸ್ತೆಗೆ ಹೋದೆ. ಮೂರು ವಿಷಯ ತಿಳಿಯಬೇಕಿತ್ತು. ಬ್ರೇಕ್ ಒತ್ತಿದಾಗ ನಡುಕ ಜಾಸ್ತಿ ಆಗುತ್ತಾ? ಇಲ್ಲ. ಹಾಗಾದರೆ ಬ್ರೇಕ್ ಡಿಸ್ಕ್ ಮೇಲೆ ಅನುಮಾನ ಬೇಡ. ಅದೇ 95ರಲ್ಲಿ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಿದರೆ? ಎಂಜಿನ್ ಕೂಗು ಏರಿತು, ನಡುಕ ಹಾಗೇ ಇತ್ತು. ಅಂದರೆ ಎಂಜಿನ್ನಿಂದ ಬರುತ್ತಿಲ್ಲ, ಉರುಳುವ ಯಾವುದೋ ಭಾಗದಿಂದ ಬರುತ್ತಿದೆ. ಮೂರನೆಯದು, ನಡುಕ ಸ್ಟೇರಿಂಗ್‌ನಲ್ಲಿ ಜಾಸ್ತಿಯೋ ಸೀಟಿನಲ್ಲೋ? ಸ್ಟೇರಿಂಗ್ ಹೆಚ್ಚುಕಮ್ಮಿ ತೆಪ್ಪಗಿತ್ತು. ಸೀಟು, ನೆಲ ನಡುಗುತ್ತಿದ್ದವು. ಮುಂದಿನ ಚಕ್ರದ ದೋಷ ಸಾಮಾನ್ಯವಾಗಿ ಕೈಗೆ ಗೊತ್ತಾಗುತ್ತೆ, ಹಿಂದಿನದು ಕೂತಲ್ಲಿ. ಅಮ್ಮ ಮೊದಲ ದಿನವೇ "ಕಾಲಡಿ" ಅಂದಿದ್ದಳು. ಸರ್ವಿಸ್‌ನವರು ಎರಡು ಸಲವೂ ಮುಂದಿನ ಚಕ್ರಗಳನ್ನೇ ಬಿಚ್ಚಿದ್ದರು.

ಇಷ್ಟರಿಂದ ಊಹೆ ಬಂತು, ಖಾತ್ರಿ ಆಗಲಿಲ್ಲ. ಖಾತ್ರಿ ಮಾಡಿಕೊಟ್ಟಿದ್ದು ಒಂದು ಸೀಮೆಸುಣ್ಣ, ಒಂದು ಫೋನು.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಟೈರು ನೆಲಕ್ಕೆ ತಾಗುವ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ನೆಲದ ಮೇಲೂ ಒಂದು. ಕಾರನ್ನು ನಿಧಾನಕ್ಕೆ ತಳ್ಳಿ ಚಕ್ರ ಒಂದು ಪೂರ್ತಿ ಸುತ್ತು ಉರುಳಿದ ಮೇಲೆ ಟೇಪು ಹಿಡಿದೆವು. 1 ಮೀಟರ್ 98 ಸೆಂಟಿಮೀಟರ್. ವಾಚ್‌ಮನ್ ಏನೋ ಮಾಟ ಮಾಡ್ತಿದ್ದೇವೆ ಅನ್ನೋ ಹಾಗೆ ನೋಡುತ್ತಿದ್ದ. ಇನ್ನು ಲೆಕ್ಕ ಸುಲಭ. 95 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 26.4 ಮೀಟರ್. ಅದನ್ನು 1.98ರಿಂದ ಭಾಗಿಸಿದರೆ, ಚಕ್ರ ಸೆಕೆಂಡಿಗೆ 13.3 ಸುತ್ತು ತಿರುಗುತ್ತೆ. 80ರಲ್ಲಿ 11.2 ಸುತ್ತು.

ಫೋನಿನಲ್ಲಿ ಫೈಫಾಕ್ಸ್ ಅಂತ ಒಂದು ಉಚಿತ ಆ್ಯಪ್ ಹಾಕಿಕೊಂಡೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಫೋನಿನೊಳಗಿನ ಸೆನ್ಸರ್‌ಗಳನ್ನು ಅಳತೆಗೆ ಬಳಸಲು ಬಿಡುತ್ತೆ. ಅದರಲ್ಲಿ ನಡುಕ ಸೆಕೆಂಡಿಗೆ ಎಷ್ಟು ಸಲ ಅಂತ ಗ್ರಾಫ್ ಬರುತ್ತೆ. ನಾನು ಓಡಿಸಿದೆ. ಹೆಂಡತಿ ಪಕ್ಕದ ಸೀಟಿನ ಕಂಬಿಗೆ ಫೋನನ್ನು ಟೇಪ್ ಸುತ್ತಿ ಬಿಗಿಯಾಗಿ ಕಟ್ಟಿದಳು. ಕೈಯಲ್ಲಿ ಹಿಡಿದರೆ ಪ್ರಯೋಜನ ಇಲ್ಲ, ಕೈಯೇ ಅರ್ಧ ನಡುಕ ನುಂಗುತ್ತೆ. ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿ ತೋರಿಸುವುದರಿಂದ ವೇಗಕ್ಕೆ ಜಿಪಿಎಸ್ ನೋಡಿದೆವು. 80ರಲ್ಲಿ 11ರ ಹತ್ತಿರ ಸಣ್ಣ ಮೊಳಕೆಯಂತೆ ಒಂದು ಏರು. 90ರಲ್ಲಿ ಅದು 12.6ಕ್ಕೆ ಸರಿದು ದಪ್ಪ ಆಯಿತು. 95ರಲ್ಲಿ ಸರಿಯಾಗಿ 13.3, ತೆಂಗಿನಮರ ನಿಂತ ಹಾಗೆ. ಚಕ್ರ ಒಂದು ಸುತ್ತಿಗೆ ಒಂದು ಸಲ ಗುದ್ದುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಆ ವೇಗದಲ್ಲಿ ನನ್ನ ಎಂಜಿನ್ ನಿಮಿಷಕ್ಕೆ 2,600 ಸುತ್ತು ತಿರುಗುತ್ತೆ, ಅಂದರೆ ಸೆಕೆಂಡಿಗೆ 43. ಅದರ ನಡುಕವಾಗಿದ್ದರೆ ಏರು 43ರ ಸುತ್ತಮುತ್ತ ಕಾಣಬೇಕಿತ್ತು.

95ರಲ್ಲೇ ಯಾಕೆ ಅಂದರೆ, ಚಕ್ರ ಮತ್ತು ಆಕ್ಸಲ್ ಸ್ಪ್ರಿಂಗ್ ಕೆಳಗೆ ತಾವಾಗಿಯೇ ಕುಣಿಯುವ ಲಯ ಹೆಚ್ಚಿನ ಕಾರುಗಳಲ್ಲಿ ಸೆಕೆಂಡಿಗೆ 10ರಿಂದ 15ರ ನಡುವೆ ಇರುತ್ತೆ. ಚಕ್ರದ ಗುದ್ದು ಆ ಲಯಕ್ಕೆ ಕೂಡಿದರೆ ಜೋಕಾಲಿಗೆ ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ದಾಟಿದರೆ ಮತ್ತೆ ತಗ್ಗುತ್ತೆ. ಸಿಟಿಯಲ್ಲಿ 60ರಲ್ಲಿ ಟ್ರಯಲ್ ನೋಡಿದರೆ ಅದು ಎಲ್ಲಿಂದ ಸಿಗಬೇಕು!

ಈಗ ಯಾವ ಚಕ್ರ? ಸ್ಟೆಪ್ನಿ ಹಾಕಿ ಒಂದೊಂದೇ ನೋಡೋಣ ಅಂದುಕೊಂಡೆ. ಆದರೆ ನನ್ನ ಸ್ಟೆಪ್ನಿ ಚಿಕ್ಕ ಅಳತೆಯದು, 80 ಮೀರಬಾರದು ಅಂತ ಅದರ ಮೇಲೇ ಬರೆದಿದೆ. ಹಾಗಾಗಿ ಎಡಗಡೆಯ ಹಿಂದಿನ ಚಕ್ರ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿದೆ. ಎಡಗಡೆ ಮಾತ್ರ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕಾರಣ ಅಂತ ತಿಳಿಯುವುದೇ ಇಲ್ಲ. ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕಾರು ಇಳಿಸಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಬಿಗಿ ಮಾಡಿದೆ. ಮತ್ತೆ ತುಮಕೂರು ರಸ್ತೆ. ಸೀಟು ತಣ್ಣಗಾಗಿತ್ತು, ಸ್ಟೇರಿಂಗ್ ಗಡಗಡ! ತೊಂದರೆ ಚಕ್ರದ ಜೊತೆಗೇ ಮುಂದಕ್ಕೆ ಬಂದಿತ್ತು. ನಡುಗುವ ಸ್ಟೇರಿಂಗ್ ಹಿಡಿದು ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಮನೆಗೆ ಬಂದು ಆ ಚಕ್ರವನ್ನು ಜಾಕ್ ಮೇಲೆ ಎತ್ತಿದೆ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್. ಇಟ್ಟಿಗೆ ಮೇಲೆ ಸ್ಕ್ರೂಡ್ರೈವರ್ ಇಟ್ಟು ತುದಿಯನ್ನು ಟೈರಿನ ಪಟ್ಟಿಗೆ ತಾಗಿಯೂ ತಾಗದ ಹಾಗೆ ನಿಲ್ಲಿಸಿದೆ. ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಒಂದು ಕಡೆ ತುದಿ ಉಜ್ಜುತ್ತೆ, ಎದುರು ಕಡೆ ಸಂದಿ ಬಿಡುತ್ತೆ. ಅಪ್ಪನ ಪೆಟ್ಟಿಗೆಯಲ್ಲಿದ್ದ ಹಳೇ ಫೀಲರ್ ಗೇಜ್‌ನ (ಸಣ್ಣ ಸಂದಿ ಅಳೆಯುವ ತೆಳು ತಗಡುಗಳು) ಬ್ಲೇಡುಗಳನ್ನು ಒಂದರ ಮೇಲೊಂದು ಇಟ್ಟು ಅಳೆದೆ, ಸುಮಾರು 2 ಮಿಲಿಮೀಟರ್. ರಿಮ್ಮಿನ ಅಂಚಿಗೂ ಹಾಗೇ ಮಾಡಿದೆ, 0.3 ಕೂಡ ಇರಲಿಲ್ಲ. ರಿಮ್ ದುಂಡಗಿದೆ, ಟೈರೇ ದುಂಡಗಿಲ್ಲ.

ಹಾಗಾದರೆ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಅದು ಯಾಕೆ ಗೊತ್ತಾಗಲ್ಲ? ಆ ಮೆಷಿನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿ ತೂಕ ಎಲ್ಲಿ ಜಾಸ್ತಿ ಅಂತ ನೋಡುತ್ತೆ, ಅಷ್ಟೇ. ಮೊಟ್ಟೆ ಆಕಾರದ ಚಕ್ರಕ್ಕೂ ಸರಿಯಾದ ಜಾಗದಲ್ಲಿ ತೂಕ ಅಂಟಿಸಿದರೆ ಪರದೆ ಮೇಲೆ ಸೊನ್ನೆ ಸೊನ್ನೆ ಬರುತ್ತೆ. ರಸ್ತೆ ಮೇಲೆ ಮಾತ್ರ ಅದು ಪ್ರತಿ ಸುತ್ತಿಗೂ ಆಕ್ಸಲ್ಲನ್ನು ಎತ್ತಿ ಇಳಿಸುತ್ತೆ. ಟೈರಿಗೆ ರೋಲರ್ ಒತ್ತಿ ಹಿಡಿದು, ಭಾರ ಬಿದ್ದಾಗ ಹೇಗಿರುತ್ತೆ ಅಂತ ಅಳೆಯುವ ರೋಡ್ ಫೋರ್ಸ್ ಬ್ಯಾಲೆನ್ಸರ್ ಬೇರೆ ಇದೆ. ನಾನು ಫೋನ್ ಮಾಡಿದ ಆರು ಅಂಗಡಿಗಳಲ್ಲಿ ಅದು ಇರಲಿಲ್ಲ. ಇಬ್ಬರಿಗೆ ಅದರ ಹೆಸರೇ ಹೊಸದು.

ಕಾರು ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತು ಟೈರು ಚಪ್ಪಟೆ ಆಗಿರಬಹುದು ಅಂತ ಒಬ್ಬರು ಹೇಳಿದರು. ಆ ಸಾಧ್ಯತೆ ಇದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನದರಲ್ಲಿ ನಾಲ್ಕಕ್ಕೂ 3524, ಅಂದರೆ 2024ರ 35ನೇ ವಾರ. ಒಂದೇ ವಾರ ಹುಟ್ಟಿ, ಒಂದೇ ಕಾರಿನಡಿ ನಿಂತ ನಾಲ್ಕರಲ್ಲಿ ಒಂದು ಮಾತ್ರ ಕೆಟ್ಟಿದೆ. ಸುಮ್ನೆ ನಿಂತು ಬರುವ ಚಪ್ಪಟೆ ಇಪ್ಪತ್ತು ಮೂವತ್ತು ಕಿ.ಮೀ. ಓಡಿಸಿ ಟೈರು ಬಿಸಿಯಾದರೆ ಬಹುಮಟ್ಟಿಗೆ ಹೋಗಿಬಿಡುತ್ತೆ. ನನ್ನದು ಚಿತ್ರದುರ್ಗಕ್ಕೆ ಹೋಗಿ ಬಂದರೂ ಹೋಗಿರಲಿಲ್ಲ.

ನಮ್ಮ ಕಡೆಯ ಹಳೇ ಟೈರ್ ಅಂಗಡಿಯ ಅಣ್ಣ ಎಲ್ಲ ಕೇಳಿ, "ತಿರುಗ್ಸಿ ಕೂರ್ಸಿ ನೋಡಾಣ ಸಾರ್" ಅಂದರು. ಗಾಳಿ ಬಿಟ್ಟು, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರು. ಟೈರಿನ ಉಬ್ಬು ರಿಮ್ಮಿನ ತಗ್ಗಿಗೆ ಬಂದರೆ ಒಂದಕ್ಕೊಂದು ಸರಿತೂಗುತ್ತೆ ಅನ್ನೋ ಲೆಕ್ಕ. ಹೊಸ ಟೈರುಗಳ ಮೇಲೆ ಕೆಲವು ಕಡೆ ಕಾಣುವ ಕೆಂಪು ಚುಕ್ಕೆ ಆ ಉಬ್ಬು ಎಲ್ಲಿದೆ ಅಂತ ತೋರಿಸೋಕೇ. ಹಳದಿ ಚುಕ್ಕೆ ಬೇರೆ, ಅದು ಹಗುರ ಇರುವ ಕಡೆ, ವಾಲ್ವ್ ಪಕ್ಕ ಬರಬೇಕು. ನನ್ನ ರಿಮ್ಮಿನಲ್ಲಿ ತಗ್ಗೇ ಇಲ್ಲವಲ್ಲ! 2 ಇದ್ದದ್ದು 1.4ಕ್ಕೆ ಇಳಿಯಿತು. ನಡುಕ ಕಡಿಮೆ ಆಯಿತು, ಹೋಗಲಿಲ್ಲ. ಅಣ್ಣ ಬ್ಯಾಲೆನ್ಸಿಂಗ್‌ಗೆ ಮಾತ್ರ ದುಡ್ಡು ತಗೊಂಡರು.

ಇಷ್ಟಾದ ಮೇಲೆ ಸರ್ವಿಸ್ ಸೆಂಟರ್‌ಗೆ ನಾಲ್ಕನೇ ಸಲ ಹೋದೆ. ಈ ಸಲ "ವೈಬ್ರೇಶನ್ ಇದೆ" ಅಂತ ಬರೆಸಲಿಲ್ಲ. "ಒಂದು ಟೈರು 1.4 ಮಿ.ಮೀ. ಎತ್ತು ತಗ್ಗು, ತಿರುಗಿಸಿ ಕೂರಿಸಿದ ಮೇಲಿನ ಅಳತೆ, 85ರಿಂದ 100ರಲ್ಲಿ ನಡುಕ, ಮುಂದೆ ಹಿಂದೆ ಬದಲಾಯಿಸಿದರೆ ನಡುಕವೂ ಜಾಗ ಬದಲಿಸುತ್ತೆ" ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿದೆ. ಟೈರಿನ ವಾರಂಟಿ ಕಾರು ಕಂಪನಿಯದಲ್ಲ, ಟೈರು ಮಾಡಿದವರದು. ಈ ಮಾತನ್ನು ಮೊದಲ ಸಲವೇ ಯಾರಾದರೂ ಹೇಳಿದ್ದರೆ ನನ್ನ ಮೂರು ಶನಿವಾರ ಉಳಿಯುತ್ತಿತ್ತು. ಟೈರು ಕಂಪನಿಯ ಇನ್ಸ್‌ಪೆಕ್ಟರ್ ಹತ್ತು ದಿನ ಬಿಟ್ಟು ಬಂದರು. ಡಯಲ್ ಗೇಜ್ ಹಿಡಿದು ಅವರೂ ಹೆಚ್ಚುಕಮ್ಮಿ ನನ್ನಷ್ಟೇ ಅಳತೆ ಬರೆದುಕೊಂಡರು. ನನ್ನ ಇಟ್ಟಿಗೆ ಸ್ಕ್ರೂಡ್ರೈವರ್ ಫೋಟೋ ತೋರಿಸಿದೆ, ನಕ್ಕರು. ಆಗಲೇ ಓಡಿಸಿದ್ದಕ್ಕೆ ಸ್ವಲ್ಪ ಹಣ ಹಿಡಿದುಕೊಂಡು ಹೊಸ ಟೈರು ಕೊಟ್ಟರು.

ಮುಂದಿನ ವಾರ ಅದೇ ರಸ್ತೆ, ಅದೇ 95, ಅದೇ ಸೀಟಿನ ಕಂಬಿ. 13.3ರಲ್ಲಿದ್ದ ತೆಂಗಿನಮರ ಹೋಗಿ ಗರಿಕೆ ಹುಲ್ಲಿನಷ್ಟು ಉಳಿದಿತ್ತು. 27ರ ಹತ್ತಿರ, ಅಂದರೆ ಸುತ್ತಿಗೆ ಎರಡು ಸಲದ ಲೆಕ್ಕದಲ್ಲಿ, ಇನ್ನೊಂದು ಪುಟ್ಟ ಏರು ಕಾಣುತ್ತೆ, ಮೊದಲು ಅದು ಕಣ್ಣಿಗೆ ಬಿದ್ದಿರಲಿಲ್ಲ. ಕೈಗೂ ಗೊತ್ತಾಗಲ್ಲ, ಕಾಲಿಗೂ ಗೊತ್ತಾಗಲ್ಲ. ಫೋನ್ ಬಿಚ್ಚಿಡು ಅಂತ ಹೆಂಡತಿ ಹೇಳಿದಳು, ಬಿಚ್ಚಿಟ್ಟಿದ್ದೇನೆ.